ಮೂರಡಿ ಸಂದು

ನಾನು ಪಂಚಾಯಿತಿಯ ನೀರುಗಂಟಿ.
ವಾಲ್ವು ತಿರುಗಿಸುವುದು, ಟ್ಯಾಂಕು ತೊಳೆಯುವುದು,
ಬ್ಲೀಚಿಂಗ್ ಪುಡಿಯ ಲೆಕ್ಕ ಬರೆಯುವುದು.
ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ಈಗ ಮೀನಿನ ಲೆಕ್ಕವೂ ಇದೆ.
ಎರಡು ವರ್ಷದ್ದು. ಬಹುಪಾಲು ಸೊನ್ನೆ.

ನಮ್ಮೂರ ಹುಡುಗರಿಗೆ ಮೀನೆಂದರೆ
ಮೊಯಿದ್ದಿ ಬ್ಯಾರಿಯ ಮೊಪೆಡ್ಡಿನ ಹಾರನ್ನು,
ಐಸಿನ ಮೇಲೆ ಮಲಗಿ ಶಿರಾಡಿ ಹತ್ತಿ ಬರುವ ಬಂಗುಡೆ.
ಹೊಳೆಯೊಳಗೂ ಘಾಟಿ ಹತ್ತುವವರಿದ್ದರು ಕಣ್ರೋ
ಎಂದರೆ ನಕ್ಕರು.

ಇದ್ದರು. ಮಿರ್ಗದ ಕೆನ್ನೀರಿಗೆ ಎದೆಗೊಟ್ಟು
ಹೇಮಾವತಿಯಿಂದ ನಮ್ಮ ಹಳ್ಳಕ್ಕೆ ತಿರುಗುವ ಬಿಳಿಮೀನು,
ಬಸಿರು ಹೊತ್ತ ಹತ್ತುಮೀನು.
ದಾರಿಯುದ್ದಕ್ಕೂ ನಮ್ಮ ಕೂಣಿಗಳು ಬಾಯಿ ತೆರೆದು ಕೂತಿರುತ್ತಿದ್ದವು.
ನಾನೂ ಹೆಣೆದಿದ್ದೇನೆ.
ಅವ್ವ ಮೊಟ್ಟೆಯನ್ನೇ ಬೇರೆ ತೆಗೆದು
ಈರುಳ್ಳಿ ಹಾಕಿ ಹುರಿಯುತ್ತಿದ್ದಳು.
ರುಚಿ ಇತ್ತು. ಸುಳ್ಳು ಹೇಳಲಾರೆ.

ಆಮೇಲೆ ಪಲ್ಪರ್ ನೀರು ಬಂತು,
ಹಳ್ಳ ಹಳಸಿದ ಕಷಾಯದಂತೆ ನಾರಿತು.
ಆಮೇಲೆ ಬೆಣಚುಕಲ್ಲು ಬಳಿದೊಯ್ಯುವ ಟ್ರ್ಯಾಕ್ಟರು.
ಆಮೇಲೆ ಕಟ್ಟೆ: ಐದಡಿ ಕಾಂಕ್ರೀಟು,
ಉದ್ಘಾಟನೆಯ ಕಲ್ಲಿನಲ್ಲಿ ಏಳು ಹೆಸರು,
ಮೀನಿಗೆ ಒಂದು ಮೆಟ್ಟಿಲಿಲ್ಲ.

ಸಭೆ ಸೇರಿದ್ದು ಹಾಲಿನ ಡೇರಿಯ ಜಗಲಿಯಲ್ಲಿ.
ಸಂದು ಕೊರೆಯೋಣ ಎಂದವಳು ದ್ಯಾವೀರಮ್ಮ.
ಕಟ್ಟೆಯ ಬುಡದಲ್ಲಿ ಮೂತಿ ಒಡೆದುಕೊಂಡ ಮೀನನ್ನು
ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ಹೊತ್ತು
ಮೇಲಕ್ಕೆ ಬಿಟ್ಟು ಬಂದಿದ್ದಳಂತೆ,
ಒಂದಲ್ಲ, ನಾಲ್ಕು ವರ್ಷ, ಯಾರಿಗೂ ಹೇಳದೆ.

ಹೂವಣ್ಣಗೌಡ ಎದ್ದ.
'ನನ್ನ ಗದ್ದೆಯ ಬೇಸಿಗೆ ನೀರು ಇದೇ ಕಟ್ಟೆಯದು.
ನಿಮ್ಮ ಮೀನು ಬಂದು ಕಳೆ ಕೀಳುತ್ತದಾ?'
ಯಾರಲ್ಲೂ ಉತ್ತರವಿರಲಿಲ್ಲ.
ಈಗಲೂ ಪೂರ್ತಿ ಇಲ್ಲ.
ಕೊನೆಗೆ, ಮೂರಡಿ ಸಂದು, ಅದಕ್ಕೊಂದು ಹಲಗೆ.
ಮಿರ್ಗಕ್ಕೆ ತೆಗೆ, ದೀಪಾವಳಿಗೆ ಹಾಕು.
ಕಾಯುವವನು ಯಾರು?
ಎಲ್ಲರೂ ನನ್ನ ಕಡೆ ನೋಡಿದರು.

ಲೈನ್‌ಮನೆಯ ಸೆಲ್ವಿ ಮತ್ತವಳ ಜೊತೆಯವರು
ಭಾನುವಾರದ ರಜೆ ಬಿಟ್ಟು ಬಾಂಡಲಿಯಲ್ಲಿ ಕಲ್ಲು ಹೊತ್ತರು.
ಕ್ರಷರಿನದಲ್ಲ, ಮುಷ್ಟಿ ಗಾತ್ರದ ನುಣುಪು ಕಲ್ಲು,
ಮೊಟ್ಟೆ ಜಾರಿ ಸಂದಿಗೆ ಕೂರಬೇಕು.
ತೋಟದ ಧಣಿ ಎರಡು ಅರ್ಜಿ ಕೊಟ್ಟ ಮೇಲೆ
ಪಲ್ಪರಿಗೆ ಇಂಗುಗುಂಡಿ ತೋಡಿಸಿದರು, ಒಂದು.
ಬೇಕಿದ್ದದ್ದು ಮೂರು.
ಮೊಯಿದ್ದಿ ಎರಡು ಮೂಟೆ ಸಿಮೆಂಟು ಕೊಟ್ಟ.
ನಿನಗೇನೋ ಲಾಭ ಎಂದರೆ
'ಕಡಲಲ್ಲೂ ಹೀಗೇ ಶುರುವಾದದ್ದು' ಎಂದು ಕಿಕ್ಕರು ಹೊಡೆದ.

ಮೊದಲ ವರ್ಷ.
ಬೆಳಗಿನ ಜಾವ ಸಂದಿಗೆ ಯಾರೋ ಕೂಣಿ ಒಡ್ಡಿದ್ದರು.
ಒಳಗೆ ಏನೂ ಇರಲಿಲ್ಲ.
ಎತ್ತಿ ಹೆಣಿಗೆ ನೋಡಿದೆ:
ಎರಡು ಮೇಲೆ, ಒಂದು ಕೆಳಗೆ, ಕೊನೆಗೆ ಎಡಕ್ಕೆ ತಿರುಚಿದ ಗಂಟು.
ಆ ಗಂಟು ಊರಲ್ಲಿ ಇಬ್ಬರಿಗೇ ಬರುತ್ತದೆ,
ನನಗೆ,
ನಾನು ಕಲಿಸಿದ ಮಗನಿಗೆ.

ಪುಸ್ತಕ ತೆಗೆದು ಬಹಳ ಹೊತ್ತು ಕೂತೆ.
ಬರೆದೆ: ಕೂಣಿ, ಒಂದು. ನಮ್ಮ ಮನೆಯದು.
ಎಂಟು ದಿನ ಅವನು ನನ್ನೊಡನೆ ಮಾತಾಡಲಿಲ್ಲ.
ಆ ಕೂಣಿಯ ಬಾಯಿ ಅಗಲಿಸಿ ಹುಲ್ಲು ಹಾಸಿದೆವು,
ಅದರಲ್ಲೀಗ ಕೋಳಿ ಕಾವಿಗೆ ಕೂತಿದೆ.

ಈ ವರ್ಷ ಆರಿದ್ರೆಯ ಮೂರನೆಯ ರಾತ್ರಿ.
ಗೋಣಿಕೊಪ್ಪೆ ಹಾಕಿ ಸಂದಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ.
ಹಿಂದೆ ಕೆಮ್ಮಿದ ಸದ್ದು. ಹೂವಣ್ಣಗೌಡ.
'ನೀರೆಷ್ಟು ಪೋಲಾಗುತ್ತಿದೆ ನೋಡೋಣ ಅಂತ ಬಂದೆ' ಎಂದ.
ನೋಡಿದ. ಹೋಗಲಿಲ್ಲ.
ಪಕ್ಕದಲ್ಲೇ ಕೂತು ಅರ್ಧ ಎಲೆ ಕೊಟ್ಟ.

ಸಂದಿನ ನೊರೆಯಲ್ಲಿ ಏನೋ ತಿರುಗಿತು.
ಸೊಪ್ಪಿರಬಹುದು, ಕೊಳೆತ ಕೊರಡಿರಬಹುದು.
ಹುಣಸೆಹುಳಿ ಕಾಣದ ಹಿತ್ತಾಳೆ ಚೊಂಬಿನ ಬಣ್ಣ,
ಒಂದು ಗಳಿಗೆ, ಆಮೇಲೆ ಬರೀ ನೀರು.
ನಾನು ಬ್ಯಾಟರಿ ಎತ್ತಿದೆ.

ಗೌಡ ನನ್ನ ಮಣಿಕಟ್ಟು ಹಿಡಿದ.
'ಆರಿಸೋ,' ಎಂದ ಪಿಸುದನಿಯಲ್ಲಿ,
'ಬೆದರುತ್ತದೆ.'